ಹಿಂದಿನ ಸೀಟಿನ ಪೆಟ್ರೋಲ್ ವಾಸನೆ: ಇ20ರ ಬಿಲ್ಲು ತಾಲ್ಲೂಕು ಗ್ಯಾರೇಜಿಗೆ ಬಂದಿದೆ

ಕಾರಿನೊಳಗೆ ಪೆಟ್ರೋಲ್ ವಾಸನೆ ಬರ್ತಿದ್ರೆ ಅದು ಮೊದಲು ಗೊತ್ತಾಗೋದು ಹಿಂದಿನ ಸೀಟಿನವರಿಗೆ. ಡ್ರೈವರ್ ಮೂಗು ಒಗ್ಗಿಹೋಗಿರುತ್ತೆ, ಪಕ್ಕದ ಗಾಜು ಅರ್ಧ ಇಳಿದಿರುತ್ತೆ. ಹಿಂದೆ ಕೂತ ಅಜ್ಜಿ "ಅದೇನೋ ವಾಸ್ನೆ ಬತ್ತದಲ್ಲಪ್ಪ" ಅಂದಾಗ "ಈಗ್ ತಾನೆ ಬಂಕಿಗೆ ಹೋಗಿದ್ವಲ್ಲ, ಅದ್ಕೆ" ಅನ್ನೋ ಉತ್ತರ ರೆಡಿ ಇರುತ್ತೆ. ಮುಂದಿನ ವಾರ ಕನ್ನಡಿಗೆ ನಿಂಬೆಹಣ್ಣಿನ ವಾಸನೆಯ ಏರ್ ಫ್ರೆಶ್ನರ್ ನೇತು ಬೀಳುತ್ತೆ. ಆಮೇಲೆ ಎರಡೂ ವಾಸನೆ ಸೇರಿ ಬರುತ್ತೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕಿನ ರಸ್ತೆಗಳಲ್ಲಿ ಓಡೋ ಕಾರುಗಳನ್ನು ಸ್ವಲ್ಪ ಗಮನಿಸಿ. ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕ ವರ್ಷ ತಗೊಂಡ ಸೆಕೆಂಡ್ ಹ್ಯಾಂಡ್ ಕಾರು, ಮೈಸೂರಿನ ಮೊದಲ ಓನರ್ ಏಳೆಂಟು ವರ್ಷ ಓಡಿಸಿ ಬಿಟ್ಟಿದ್ದು, ಮದುವೆ-ಆಸ್ಪತ್ರೆ-ಧರ್ಮಸ್ಥಳ ಅಂತ ಬಾಡಿಗೆ ಹೊಡೆಯೋ ಎಲ್ಲೋ ಬೋರ್ಡ್. ವಾರಂಟಿ ಮುಗಿದು ಎಷ್ಟೋ ಕಾಲ ಆಗಿದೆ. ಇವುಗಳ ಡಾಕ್ಟರು ಕಂಪನಿ ಶೋರೂಮಿನವರಲ್ಲ, ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನವರು. ಟ್ಯಾಂಕಿನ ರಬ್ಬರ್ ರಿಂಗ್ ಬಗ್ಗೆ ಒಂದು ರಾಜಕೀಯ ವಿಶ್ಲೇಷಣೆ ಬರೆಯೋ ಅಗತ್ಯ ಬಿದ್ದಿರೋದು ಇವರಿಂದಾಗಿ.

ಮೊದಲು ವಾಸನೆ ಎಲ್ಲಿಂದ ಬರುತ್ತೆ ನೋಡೋಣ. ಇಂಜೆಕ್ಷನ್ ಇರೋ ಪೆಟ್ರೋಲ್ ಕಾರುಗಳಲ್ಲಿ ಫ್ಯೂಯೆಲ್ ಪಂಪ್ ಎಂಜಿನ್ ಹತ್ತಿರ ಇರಲ್ಲ, ಟ್ಯಾಂಕಿನೊಳಗೇ ಪೆಟ್ರೋಲಲ್ಲಿ ಮುಳುಗಿ ಕೂತಿರುತ್ತೆ. ಪೆಟ್ರೋಲೇ ಅದನ್ನ ತಣ್ಣಗಿಡುತ್ತೆ. ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಪಂಪು, ಕೆಳಗೆ ಜಾಲರಿ, ಪಕ್ಕದಲ್ಲಿ ಮೀಟರ್ ತೋರಿಸೋ ಫ್ಲೋಟ್, ಕೆಲವದರಲ್ಲಿ ಫಿಲ್ಟರ್ ಕೂಡ. ಇಡೀ ಡಬ್ಬಿ ಟ್ಯಾಂಕಿನ ಮೇಲಿರೋ ತೂತಿನೊಳಗೆ ಇಳಿದು, ಮೇಲೊಂದು ದೊಡ್ಡ ರಿಂಗಿನ ನಟ್ಟಿನಿಂದ ಬಿಗಿಯಾಗಿರುತ್ತೆ. ಆ ನಟ್ಟಿನ ಕೆಳಗೆ ಬಳೆಯಷ್ಟು ದೊಡ್ಡ ರಬ್ಬರ್ ಸೀಲು. ಡಬ್ಬಿಯ ತಲೆಯಿಂದ ಹೊರಡೋ ಪೈಪಿನ ಜಾಯಿಂಟಲ್ಲಿ ಇನ್ನೂ ಚಿಕ್ಕ ಓ-ರಿಂಗ್. ಬಹಳಷ್ಟು ಕಾರುಗಳಲ್ಲಿ ಇದೆಲ್ಲ ಇರೋದು ಸರಿಯಾಗಿ ಹಿಂದಿನ ಸೀಟಿನ ಅಡಿಯಲ್ಲಿ. ಅಜ್ಜಿಗೆ ಮೊದಲು ಗೊತ್ತಾಗೋದು ಅದಕ್ಕೇ.

ಆ ದೊಡ್ಡ ಸೀಲು ಸೋತರೆ ಸೋರೋದು ಹೆಚ್ಚಾಗಿ ಆವಿ. ಟ್ಯಾಂಕ್ ಫುಲ್ ಮಾಡಿಸಿದ ದಿನ ವಾಸನೆ ಜಾಸ್ತಿ, ಅರ್ಧಕ್ಕೆ ಇಳಿದ ಮೇಲೆ ಮಾಯ. ಬೈಲಕುಪ್ಪೆ ದಾಟಿ ಮಡಿಕೇರಿ ಕಡೆ ಏರು ಹತ್ತಿದರೆ ವಾಸನೆ, ಬಿಸಿಲಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ ವಾಸನೆ. ಚಿಕ್ಕ ಓ-ರಿಂಗ್ ಸೋತರೆ ಕಥೆ ಬೇರೆ. ಆ ಪೈಪಿನಲ್ಲಿ ಸುಮಾರು 3 ಬಾರ್ ಪ್ರೆಶರ್ ಇರುತ್ತೆ. ಎಂಜಿನ್ ಆನ್ ಇರುವಷ್ಟು ಹೊತ್ತೂ ಪೆಟ್ರೋಲ್ ಹನಿಹನಿಯಾಗಿ ಟ್ಯಾಂಕಿನ ಮೇಲೆ ಬೀಳ್ತಾ ಇರುತ್ತೆ, ಅದರ ಪಕ್ಕದಲ್ಲೇ ಪಂಪಿನ ವೈರಿಂಗ್. ಮೊದಲನೆಯದು ತೊಂದರೆ, ಎರಡನೆಯದು ಬೆಂಕಿಗೆ ದಾರಿ. ಮೊದಲನೆಯದನ್ನೂ ಹಗುರ ಮಾಡಬೇಕಿಲ್ಲ: ಬಿಎಸ್6 ಪೆಟ್ರೋಲಿನಲ್ಲೂ ಶೇ. 1ರವರೆಗೆ ಬೆಂಜೀನ್ ಇರಬಹುದು, ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಮಕ್ಕಳನ್ನ ತುಂಬಿಕೊಂಡು ಹೋಗೋ ವ್ಯಾನಿನಲ್ಲಿ ಅದನ್ನ ದಿನಾ ಉಸಿರಾಡಿಸೋದು ಬೇಡ.

ಈಗ ಇ20. ಎಥನಾಲ್ ಬಂದು ಎಲ್ಲ ಹಾಳು ಮಾಡ್ತು ಅಂತ ವಾಟ್ಸಾಪಿನಲ್ಲಿ ಓಡಾಡೋ ಮಾತು ಅರ್ಧ ಸುಳ್ಳು. ಎಥನಾಲ್ ಇರದಿದ್ರೂ ಹನ್ನೆರಡು ವರ್ಷದ ರಬ್ಬರು ಗಟ್ಟಿಯಾಗುತ್ತೆ, ಬಿರುಕು ಬಿಡುತ್ತೆ. ಉಳಿದರ್ಧ ಮಾತ್ರ ನಿಜ. ಹಳೆ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸ್ತಿದ್ದ ನೈಟ್ರೈಲ್ ಜಾತಿಯ ರಬ್ಬರು ಎಥನಾಲ್ ಕುಡಿದು ಊದಿಕೊಳ್ಳುತ್ತೆ, ಒಣಗಿದಾಗ ಸುಕ್ಕಾಗುತ್ತೆ. ಊದೋದು, ಸುಕ್ಕಾಗೋದು ನಡೀತಾ ನಡೀತಾ ಬಿಗಿ ಹೋಗುತ್ತೆ. ಎಥನಾಲಿಗೆ ತಡೆಯುವಂಥದ್ದು ಫ್ಲೋರೋ ರಬ್ಬರು, ಗ್ಯಾರೇಜ್ ಭಾಷೆಯಲ್ಲಿ ವೈಟಾನ್. ಅದು ದುಬಾರಿ. ಜೊತೆಗೆ ಎಥನಾಲ್ ನೀರನ್ನ ಎಳ್ಕೊಳ್ಳುತ್ತೆ. ಟ್ಯಾಂಕಿನ ತಳದ ಹಳೇ ಅಂಟು, ಕೊಳೆ ಕರಗಿಸಿ ಪಂಪಿನ ಜಾಲರಿಗೆ ತಂದು ಕೂರಿಸುತ್ತೆ. ಕೊಡಗಿನ ಮಳೆ ಸ್ವಲ್ಪ ಪಿರಿಯಾಪಟ್ಟಣಕ್ಕೂ ಬೀಳೋದು. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ, ಕಾಲು ಟ್ಯಾಂಕ್ ಪೆಟ್ರೋಲಿರೋ, ತಗಡಿನ ಟ್ಯಾಂಕಿನ ಕಾರಿಗೆ ಇದು ಒಳ್ಳೆ ಸುದ್ದಿ ಅಲ್ಲ.

ಇದನ್ನ ಸರ್ಕಾರವೇ ಒಪ್ಪಿಕೊಂಡಿದೆ ಅನ್ನೋದು ಮುಖ್ಯ. 2025ರ ಆಗಸ್ಟ್‌ನಲ್ಲಿ ಗದ್ದಲ ಜೋರಾದಾಗ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ವಿವರಣೆಯಲ್ಲಿ ಒಂದು ಸಾಲು ಹೀಗಿತ್ತು: ಕೆಲವು ಹಳೆ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ದುಬಾರಿಯಲ್ಲ, ಮಾಮೂಲಿ ಸರ್ವೀಸಿನಲ್ಲೇ ಆಗಿಹೋಗುತ್ತೆ. ಮೈಲೇಜ್ ಬಗ್ಗೆಯೂ ಲೆಕ್ಕ ಕೊಟ್ಟರು. ಇ10ಗೆ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದ ಕಾರಲ್ಲಿ ಶೇ. 1-2 ಇಳಿಕೆ, ಉಳಿದವುಗಳಲ್ಲಿ ಶೇ. 3-6. 2021ರ ಜೂನ್‌ನಲ್ಲಿ ಬಂದ ನೀತಿ ಆಯೋಗದ ಎಥನಾಲ್ ಮಾರ್ಗಸೂಚಿ ವರದಿ ಇನ್ನೂ ಹಿಂದಿನ ಕಾಲದ ಕಾರುಗಳಿಗೆ ಶೇ. 6-7 ಅಂದಿತ್ತು. ಇದರಲ್ಲಿ ಗುಟ್ಟೇನೂ ಇಲ್ಲ. ಒಂದು ಲೀಟರ್ ಎಥನಾಲಿನಲ್ಲಿ ಇರೋ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು. ಐದನೇ ಒಂದು ಭಾಗ ಎಥನಾಲ್ ಹಾಕಿದ್ರೆ ಒಟ್ಟು ಶಕ್ತಿ ಶೇ. 6-7ರಷ್ಟು ಕಡಿಮೆ ಆಗಲೇಬೇಕು.

"ದುಬಾರಿಯಲ್ಲ" ಅನ್ನೋ ಪದವನ್ನ ಹುಣಸೂರಿನ ರಸ್ತೆಗೆ ತಂದು ನೋಡೋಣ. ಹುಣಸೂರಿನಿಂದ ಮೈಸೂರಿಗೆ ಹೋಗಿ ಬರೋಕೆ ಸುಮಾರು 90 ಕಿಲೋಮೀಟರ್. ತಿಂಗಳಿಗೆ 25 ಬಾಡಿಗೆ ಅಂದ್ರೆ 2,250 ಕಿಲೋಮೀಟರ್. ಲೀಟರಿಗೆ 15 ಕೊಡ್ತಿದ್ದ ಕಾರಿಗೆ 150 ಲೀಟರ್ ಬೇಕಿತ್ತು. ಶೇ. 3 ಇಳಿದ್ರೆ ನಾಲ್ಕೂವರೆ ಲೀಟರ್ ಹೆಚ್ಚು, ಶೇ. 6 ಇಳಿದ್ರೆ ಒಂಬತ್ತೂವರೆ ಲೀಟರ್. ಲೀಟರಿಗೆ 100 ರೂಪಾಯಿ ಅಂತ ಇಟ್ಕೊಂಡ್ರೂ ತಿಂಗಳಿಗೆ 450ರಿಂದ 950 ರೂಪಾಯಿ, ವರ್ಷಕ್ಕೆ ಐದು ಸಾವಿರದಿಂದ ಹನ್ನೊಂದು ಸಾವಿರ. ಇದೇ ಲೆಕ್ಕದಲ್ಲಿ ವರ್ಷಕ್ಕೆ 27,000 ಕಿಲೋಮೀಟರ್ ಆಯ್ತು. ಅಂದ್ರೆ ಸಚಿವಾಲಯ ಹೇಳಿದ ರಬ್ಬರ್ ಬದಲಾವಣೆ ಈ ಡ್ರೈವರ್‌ಗೆ ಹೆಚ್ಚುಕಮ್ಮಿ ಪ್ರತಿ ವರ್ಷದ ಕೆಲಸ. ಬರೀ ರಿಂಗು ಅಗ್ಗ ಇರಬಹುದು. ಆದ್ರೆ ಎಲ್ಲ ಮಾಡೆಲ್‌ಗೂ ರಿಂಗು ಬಿಡಿಯಾಗಿ ಸಿಗಲ್ಲ, ಕೆಲವಕ್ಕೆ ಇಡೀ ಪಂಪ್ ಅಸೆಂಬ್ಲಿ ತಗೊಳ್ಳಿ ಅಂತಾರೆ. ಸೀಟಿನಡಿ ಮುಚ್ಚಳ ಇಲ್ಲದ ಕಾರಲ್ಲಿ ಟ್ಯಾಂಕೇ ಕೆಳಗಿಳಿಸಬೇಕು, ಅದು ಅರ್ಧ ದಿನದ ಕೂಲಿ. ಕಾರು ಗ್ಯಾರೇಜಲ್ಲಿ ನಿಂತ ದಿನದ ಬಾಡಿಗೆ ಹೋಯ್ತು, ಅದನ್ನ ಯಾರೂ ಬಿಲ್ಲಲ್ಲಿ ಬರೆಯಲ್ಲ.

ಎಚ್.ಡಿ. ಕೋಟೆಯವರಿಗೆ ಇನ್ನೊಂದು ಲೆಕ್ಕ ಇದೆ. ಹ್ಯಾಂಡ್‌ಪೋಸ್ಟ್ ದಾಟಿ ಬಾವಲಿ ಮೇಲೆ ಮಾನಂದವಾಡಿಗೆ ಹೋಗೋ ಕಾಡಿನ ರಸ್ತೆಗೆ ಸಂಜೆ 6ಕ್ಕೆ ಗೇಟು ಬೀಳುತ್ತೆ, ಬೆಳಿಗ್ಗೆ 6ರವರೆಗೆ ತೆರೆಯಲ್ಲ. ಜಾಲರಿ ಕಟ್ಟಿ ಪಂಪು ಕೈಕೊಟ್ರೆ ಅಲ್ಲಿ ಇಳಿದು ತಳ್ಳೋಕೂ ಆಗಲ್ಲ. ಆನೆ ಇರುತ್ತೆ.

ಸರಿ, ಇದನ್ನ ಸಹಿಸಿಕೊಂಡರೆ ಸಿಗೋದೇನು? ಸರ್ಕಾರದ ಉತ್ತರ ಮೂರು ಮಾತಿನದು: ವಿದೇಶಿ ವಿನಿಮಯ ಉಳಿತಾಯ, ಮಾಲಿನ್ಯ ಇಳಿಕೆ, ರೈತರ ಆದಾಯ. 2014-15ರಿಂದ 2025ರ ಜುಲೈವರೆಗೆ 1.44 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶಿ ವಿನಿಮಯ ಉಳಿದಿದೆ ಅನ್ನೋದು ಸಚಿವಾಲಯದ ಲೆಕ್ಕ. ನಾವು ಬಳಸೋ ಕಚ್ಚಾ ತೈಲದ ಬಹುಪಾಲು ಹೊರಗಿಂದ ಬರುತ್ತೆ. ಹಾಗಾಗಿ ಈ ವಾದವನ್ನ ನಾನು ತಳ್ಳಿಹಾಕಲ್ಲ. ಎಥನಾಲ್ ಕೆಟ್ಟ ಯೋಜನೆ ಅಂತಾನೂ ನನಗನಿಸಲ್ಲ. ತಕರಾರು ಇರೋದು ಲಾಭ ಎಲ್ಲಿಗೆ ಹೋಗ್ತಿದೆ, ಖರ್ಚು ಎಲ್ಲಿ ಬೀಳ್ತಿದೆ ಅನ್ನೋದರಲ್ಲಿ.

ಅನ್ನದಾತ ಊರ್ಜಾದಾತ ಆಗ್ತಾನೆ ಅಂತ ದೆಹಲಿಯ ಭಾಷಣಗಳಲ್ಲಿ ಕೇಳಿದ್ದೀರಿ. ಈ ನಾಲ್ಕು ತಾಲ್ಲೂಕಿಗೆ ಅದನ್ನ ಹೊಂದಿಸಿ ನೋಡಿ. ಹುಣಸೂರು, ಪಿರಿಯಾಪಟ್ಟಣದ ಮುಖ್ಯ ದುಡ್ಡಿನ ಬೆಳೆ ಹೊಗೆಸೊಪ್ಪು. ಅದರಿಂದ ಎಥನಾಲ್ ಬರಲ್ಲ. ಕೆ.ಆರ್. ನಗರ ಭತ್ತದ ಕಣಜ, ಕಬ್ಬೂ ಇದೆ. ಆದರೆ ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು, ಕೊನೆಗೆ ಖಾಸಗಿಯವರ ಗುತ್ತಿಗೆಗೆ ಹೋಯ್ತು. ದೇಶ ಪೂರಾ ಎಥನಾಲ್ ಎಥನಾಲ್ ಅಂತಿದ್ದ ಕಾಲದಲ್ಲೇ ಇಲ್ಲಿನ ರೈತ ಕಬ್ಬು ಸಾಗಿಸೋಕೆ ದೂರದ ಕಾರ್ಖಾನೆಗಳ ಕಟಾವು ಗ್ಯಾಂಗಿನ ದಾರಿ ಕಾಯ್ತಿದ್ದ. ಕೋಟೆ ಕಡೆ ಮುಸುಕಿನ ಜೋಳ ಬೆಳೀತಾರೆ. ಎಥನಾಲ್ ಬೇಡಿಕೆಯಿಂದ ಜೋಳಕ್ಕೆ ಚಿನ್ನದ ರೇಟು ಬರುತ್ತೆ ಅಂತ ಹೇಳಿ ಹೇಳಿ ಬಿತ್ತನೆ ಏರಿತು. 2025ರ ನವೆಂಬರ್‌ನಲ್ಲಿ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಕಾಗದದ ಮೇಲಿದ್ದಾಗ ರಾಜ್ಯದ ಮಾರುಕಟ್ಟೆಗಳಲ್ಲಿ ದರ 2,000ಕ್ಕಿಂತ ಕೆಳಗೆ ಬಿತ್ತು. ಅದೇ ತಿಂಗಳು ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ಕೇಳಿ ರಸ್ತೆಯಲ್ಲಿ ಕೂತಿದ್ದರು, 3,300ಕ್ಕೆ ಒಪ್ಪಂದ ಆಯ್ತು. ಎಥನಾಲ್ ಹಂಚಿಕೆಯಲ್ಲಿ ಕರ್ನಾಟಕಕ್ಕೆ ಅನ್ಯಾಯ ಆಗಿದೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಆಗ ಪ್ರಧಾನಿಗೆ ಹೇಳಿದ್ದು.

ಅಂದ್ರೆ ಕೋಟೆಯ ಒಬ್ಬ ರೈತ ತನ್ನ ಜೋಳವನ್ನ ಬೆಂಬಲ ಬೆಲೆಗಿಂತ ಕಡಿಮೆಗೆ ಮಾರಿ, ಆ ಜೋಳದಂಥದ್ದರಿಂದಲೇ ಆದ ಎಥನಾಲನ್ನ ಪೆಟ್ರೋಲಿನ ರೇಟಿಗೆ ಕೊಂಡು, ಅದು ಊದಿಸಿದ ರಬ್ಬರಿಗೆ ಗ್ಯಾರೇಜಲ್ಲಿ ಮತ್ತೆ ದುಡ್ಡು ಕೊಡ್ತಾನೆ. ಒಂದೇ ಜೇಬಿಗೆ ಮೂರು ಸಲ ಕೈ.

ಪೆಟ್ರೋಲಿನ ರೇಟಿಗೆ ಅಂದೆ. ಇಲ್ಲಿ ಒಂದು ಮರೆತ ಮಾತಿದೆ. 2021ರ ನೀತಿ ಆಯೋಗದ ವರದಿ, ಮೈಲೇಜ್ ಇಳಿಯೋದರಿಂದ ಎಥನಾಲ್ ಬೆರೆತ ಪೆಟ್ರೋಲಿಗೆ ತೆರಿಗೆ ರಿಯಾಯಿತಿ ಕೊಟ್ಟು ಗ್ರಾಹಕರ ನಷ್ಟ ತುಂಬಬೇಕು ಅಂತ ಸಲಹೆ ಕೊಟ್ಟಿತ್ತು. ಹಳೆ ವಾಹನಗಳಿಗೋಸ್ಕರ ಇ10 ಪೆಟ್ರೋಲ್ ಬಂಕುಗಳಲ್ಲಿ ಸಿಗ್ತಾ ಇರಬೇಕು ಅಂತಲೂ ಇತ್ತು. ಎರಡೂ ಆಗಲಿಲ್ಲ. ಆ ವರದಿ ಬರೆದಾಗ ಎಥನಾಲ್ ಪೆಟ್ರೋಲಿಗಿಂತ ಅಗ್ಗ ಇತ್ತು, 2025ರಲ್ಲಿ ಸಾಗಣೆ-ಜಿಎಸ್‌ಟಿ ಸೇರಿ ಲೀಟರಿಗೆ ಸರಾಸರಿ 71.32 ರೂಪಾಯಿ ಬೀಳ್ತಿತ್ತು, ಹಾಗಾಗಿ ಇಳಿಸೋಕಾಗಲ್ಲ ಅನ್ನೋದು ಸಚಿವಾಲಯ ಆಗ ಕೊಟ್ಟ ಸಮಜಾಯಿಷಿ. ಇರಬಹುದು. ಆದರೆ ರಿಯಾಯಿತಿ ಕೇಳಿದ್ದು ತೆರಿಗೆಯಲ್ಲಿ. ತೆರಿಗೆ ವಿಷಯಕ್ಕೆ ಬಂದ್ರೆ ಬೆಂಗಳೂರೂ ದೆಹಲಿಗಿಂತ ಕಡಿಮೆಯಿಲ್ಲ: 2024ರ ಜೂನ್‌ನಲ್ಲಿ, ಲೋಕಸಭೆ ಚುನಾವಣೆಯ ಫಲಿತಾಂಶ ಬಂದು ಹದಿನೈದು ದಿನವೂ ಆಗಿರಲಿಲ್ಲ, ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನ ಶೇ. 25.92ರಿಂದ ಶೇ. 29.84ಕ್ಕೆ ಏರಿಸಿತು. ಲೀಟರಿಗೆ 3 ರೂಪಾಯಿ ಜಾಸ್ತಿ ಆಯ್ತು. ಕೇಂದ್ರ ಶಕ್ತಿ ಇಳಿಸಿತು, ರಾಜ್ಯ ರೇಟು ಏರಿಸಿತು.

ವೇಗದ ಬಗ್ಗೆಯೂ ಒಂದು ಮಾತು. 2018ರ ಜೈವಿಕ ಇಂಧನ ನೀತಿಯಲ್ಲಿ ಶೇ. 20ರ ಗುರಿ ಇದ್ದದ್ದು 2030ಕ್ಕೆ. ಅದನ್ನ 2025ಕ್ಕೆ ಎಳೆದು ತಂದರು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ಇ20ಗೆ ಚಾಲನೆ ಕೊಟ್ಟರು. ಇ20 ತಡೆಯೋ ರಬ್ಬರು-ಪ್ಲಾಸ್ಟಿಕ್ ಇರೋ ಕಾರುಗಳು ಬರೋಕೆ ಶುರುವಾಗಿದ್ದು ಸುಮಾರಾಗಿ 2023ರ ಏಪ್ರಿಲ್‌ನಿಂದ. ಐದು ವರ್ಷ ಮುಂದಕ್ಕೆ ತಂದದ್ದರ ಅರ್ಥ ಇಷ್ಟೇ: ಹಳೆ ಕಾರುಗಳು ತಾವಾಗೇ ರಸ್ತೆಯಿಂದ ಕಡಿಮೆ ಆಗೋಕೆ ಸಿಗಬೇಕಿದ್ದ ಐದು ವರ್ಷವನ್ನ ಕಿತ್ತುಕೊಂಡ ಹಾಗೆ. ನಗರದವರು ಕಾರು ಬದಲಿಸ್ತಾರೆ. ಅವರು ಬಿಟ್ಟ ಕಾರು ಪಿರಿಯಾಪಟ್ಟಣಕ್ಕೆ ಬರುತ್ತೆ.

ಬ್ರೆಜಿಲ್ ಉದಾಹರಣೆ ಕೊಡೋರು ಬಹಳ. ಅಲ್ಲಿ 2025ರ ಆಗಸ್ಟ್‌ನಿಂದ ಶೇ. 30 ಬೆರೆಸ್ತಾರೆ, ನಿಜ. ಅಲ್ಲಿ 1970ರ ದಶಕದಿಂದ ಎಥನಾಲ್ ಕಾರ್ಯಕ್ರಮ ಇದೆ, 2003ರಿಂದ ಯಾವ ಪ್ರಮಾಣಕ್ಕೂ ಒಗ್ಗೋ ಫ್ಲೆಕ್ಸ್ ಫ್ಯೂಯೆಲ್ ಕಾರುಗಳು ಮಾರಾಟ ಆಗ್ತಿವೆ. ಅಮೆರಿಕದಲ್ಲಿ ಶೇ. 15ರ ಪೆಟ್ರೋಲಿಗೆ ಪರವಾನಗಿ ಇರೋದು 2001ರ ಮತ್ತು ಅದರ ನಂತರದ ಮಾಡೆಲ್ ಕಾರುಗಳಿಗೆ ಮಾತ್ರ, ಪಂಪಿನ ಮೇಲೆ ಚೀಟಿ ಅಂಟಿಸಲೇಬೇಕು. ಇಲ್ಲಿ ಇ20 ಬೇಡದವರಿಗೆ ಬೇರೆ ಆಯ್ಕೆ ಇರಲಿ ಅಂತ ಕೇಳಿದ ಅರ್ಜಿಯನ್ನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ವಿರೋಧವೆಲ್ಲ ದುಡ್ಡು ಕೊಟ್ಟು ಮಾಡಿಸಿದ ಪ್ರಚಾರ ಅಂತ ಸಚಿವ ನಿತಿನ್ ಗಡ್ಕರಿ ಅದೇ ತಿಂಗಳು ಹೇಳಿದರು. ಹುಣಸೂರಿನ ಎಲ್ಲೋ ಬೋರ್ಡ್ ಡ್ರೈವರ್‌ಗೆ ಆ ದುಡ್ಡು ಇನ್ನೂ ತಲುಪಿಲ್ಲ.

1 ಲಕ್ಷ ಕಿಲೋಮೀಟರ್ ಓಡಿಸಿ ಪರೀಕ್ಷೆ ಮಾಡಿದ್ದೇವೆ, ದೊಡ್ಡ ತೊಂದರೆ ಕಾಣಲಿಲ್ಲ ಅಂತ ಸಚಿವಾಲಯ ಹೇಳುತ್ತೆ. ನಂಬೋಣ. ಆದರೆ ಪರೀಕ್ಷೆಯ ಕಾರಿನ ರಬ್ಬರಿನ ವಯಸ್ಸೂ, ಕೋಟೆ ಸಂತೆಗೆ ಬರೋ ಕಾರಿನ ರಬ್ಬರಿನ ವಯಸ್ಸೂ ಒಂದೇ ಅಲ್ಲ. ಕಂಪನಿ ಸರ್ವೀಸ್ ಸೆಂಟರಿನಲ್ಲಿ ಬದಲಾದ ಸೀಲು ಕಂಪ್ಯೂಟರಿಗೆ ಹೋಗುತ್ತೆ, ದೂರು ಅಂತ ದಾಖಲಾಗುತ್ತೆ. ತಾಲ್ಲೂಕು ಗ್ಯಾರೇಜಿನಲ್ಲಿ ಬದಲಾದದ್ದು ಕಸದ ಡಬ್ಬಕ್ಕೆ ಹೋಗುತ್ತೆ. ಲೆಕ್ಕಕ್ಕೆ ಬರದ ತೊಂದರೆ ಸಂಸತ್ತಿನ ಉತ್ತರದಲ್ಲಿ "ಇಲ್ಲ" ಅಂತಲೇ ಬರೋದು.

ಹಾಗಾದ್ರೆ ಈಗ ವಾಸನೆ ಬರ್ತಿರೋರು ಏನು ಮಾಡಬೇಕು? ಪಾಲಿಸಿ ಬದಲಾಗೋವರೆಗೆ ಪೆಟ್ರೋಲ್ ಆವಿ ಕುಡೀತಾ ಕೂರೋಕಾಗಲ್ಲ.

ಬಂಕಿನಿಂದಲೇ ಶುರು ಮಾಡಿ. ನಾಜಲ್ ಟಕ್ ಅಂತ ಕಟ್ ಆದ ಮೇಲೆ ರೌಂಡ್ ಫಿಗರಿಗೋಸ್ಕರ ಇನ್ನಷ್ಟು ಒತ್ತಿಸೋ ಅಭ್ಯಾಸ ನಮ್ಮೆಲ್ಲರದು. ಆ ಹೆಚ್ಚಿನ ಪೆಟ್ರೋಲು ಆವಿ ಹಿಡಿಯೋ ಇದ್ದಿಲಿನ ಕ್ಯಾನಿಸ್ಟರಿಗೆ ನುಗ್ಗಿ ಅದನ್ನ ಕೆಡಿಸುತ್ತೆ, ಆಗಲೂ ವಾಸನೆ ಬರುತ್ತೆ. ಟ್ಯಾಂಕಿನ ಮುಚ್ಚಳದ ವಾಷರ್ ಸೀಳಿದ್ದರೆ ಅದೊಂದನ್ನ ಬದಲಿಸಿದ್ರೆ ಮುಗೀತು. ಬಾನೆಟ್ ಕಡೆಯಿಂದ ವಾಸನೆ ಬಂದ್ರೆ ಇಂಜೆಕ್ಟರಿನ ರಿಂಗು ಅಥವಾ ಮುಂದಿನ ಪೈಪು ನೋಡಬೇಕು, ಟ್ಯಾಂಕಿನ ತಂಟೆ ಬೇಡ. ಇವೆಲ್ಲ ಸರಿ ಇದ್ದು, ಫುಲ್ ಟ್ಯಾಂಕಿನಲ್ಲೇ ಹಿಂದೆ ವಾಸನೆ ಬರ್ತಿದ್ರೆ ಮಾತ್ರ ಸೀಟು ಎತ್ತಿಸಿ. ಪಂಪಿನ ತಲೆ ಸುತ್ತ ಧೂಳು ಒದ್ದೆಯಾಗಿ ಕಪ್ಪು ಕಲೆ ಕಟ್ಟಿದ್ದರೆ ಕಳ್ಳ ಸಿಕ್ಕ ಹಾಗೆ.

ಪಂಪ್ ಎತ್ತೋ ಕೆಲಸವನ್ನ ಯೂಟ್ಯೂಬ್ ನೋಡಿ ಮನೆ ಶೆಡ್ಡಿನಲ್ಲಿ ಮಾಡಬೇಡಿ. ಗೊತ್ತಿರೋ ಮೆಕ್ಯಾನಿಕ್ ಹತ್ತಿರ ಮಾಡಿಸಿ, ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರಲಿ. ಬಯಲಲ್ಲಿ ಮಾಡಬೇಕು, ಬೀಡಿ-ಸಿಗರೇಟು, ವೈರ್ ಎಳೆದ ಬಲ್ಬು ಹತ್ತಿರ ಬರಬಾರದು. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗೇ ಆಫ್ ಆಗೋವರೆಗೆ ಓಡಿಸಿದ್ರೆ ಪೈಪಿನ ಪ್ರೆಶರ್ ಇಳಿಯುತ್ತೆ, ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ನಟ್ಟು ಬಿಚ್ಚೋಕೆ ಮುಂಚೆ ಸುತ್ತಲ ಮಣ್ಣು ಒರೆಸಬೇಕು, ಇಲ್ಲಾಂದ್ರೆ ಅದೆಲ್ಲ ಟ್ಯಾಂಕಿಗೆ. ಫ್ಲೋಟಿನ ಕಡ್ಡಿ ಬಗ್ಗದ ಹಾಗೆ ಓರೆಯಾಗಿ ಎತ್ತಬೇಕು, ಬಗ್ಗಿದ್ರೆ ಆಮೇಲೆ ಮೀಟರ್ ಸುಳ್ಳು ಹೇಳುತ್ತೆ.

ಒಂದು ಸಲ ಬಿಚ್ಚಿದ ಹಳೆ ಸೀಲು ಮತ್ತೆ ಕೂರಲ್ಲ. ಊದಿರೋದರಿಂದ ಅದರ ಗಾಡಿಗಿಂತ ದೊಡ್ಡದಾಗಿರುತ್ತೆ, ಬಲವಂತ ಮಾಡಿದ್ರೆ ಒಂದು ಕಡೆ ಮಡಚಿಕೊಳ್ಳುತ್ತೆ. ಅದಕ್ಕೆ ಗ್ಯಾಸ್ಕೆಟ್ ಪೇಸ್ಟ್ ಬಳಿದು ಕೂರಿಸೋರಿದ್ದಾರೆ. ಆ ಸಿಲಿಕೋನ್ ಪೇಸ್ಟು ಪೆಟ್ರೋಲಿಗೆ ನಿಲ್ಲಲ್ಲ, ಕರಗಿ ತುಂಡಾಗಿ ಜಾಲರಿಗೆ ಹೋಗಿ ಕೂರುತ್ತೆ. ಹೊಸ ಸೀಲೇ ಬೇಕು, ಇ20 ತಡೆಯೋದಾ ಅಂತ ಕೇಳಿಯೇ ತಗೊಳ್ಳಿ. ಲೋಕಲ್ ಮಾಲಿನಲ್ಲಿ ನೈಟ್ರೈಲ್ ಯಾವುದು, ವೈಟಾನ್ ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ಎರಡೂ ಕಪ್ಪಗೇ ಇರಬಹುದು. ಸೀಟು ಎತ್ತಿದ ಮೇಲೆ ಜಾಲರಿ, ಪೈಪಿನ ಚಿಕ್ಕ ರಿಂಗು ಕೂಡ ಬದಲಿಸಿಬಿಡಿ, ಕೂಲಿ ಒಂದೇ. ಎಲ್ಲ ಮುಗಿದ ಮೇಲೆ ಸೀಟು ಹಾಕೋಕೆ ಮುಂಚೆ ಇಗ್ನಿಷನ್ ಆನ್ ಮಾಡಿ ಪ್ರೆಶರಿನಲ್ಲಿ ಹನಿ ಕಾಣ್ತಿದೆಯಾ ನೋಡಬೇಕು.

ಇದರಲ್ಲಿ ಸರ್ಕಾರ, ಕಂಪನಿಗಳು ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. "ಮಾಮೂಲಿ ಸರ್ವೀಸಿನಲ್ಲಿ ಬದಲಿಸಿ" ಅಂದ ಮೇಲೆ ಯಾವ ಮಾಡೆಲ್, ಯಾವ ವರ್ಷ, ಯಾವ ಪಾರ್ಟ್ ನಂಬರ್ ಅಂತ ಪ್ರತಿ ಕಾರು ಕಂಪನಿಯಿಂದ ಪಟ್ಟಿ ಹಾಕಿಸಬೇಕು, ಕನ್ನಡದಲ್ಲಿ. ಸೀಲಿನ ಕಿಟ್ಟನ್ನ ಇಡೀ ಅಸೆಂಬ್ಲಿ ಜೊತೆ ಕಟ್ಟದೆ ಬಿಡಿಯಾಗಿ ಮಾರಿಸಬೇಕು. ಹೊಸ ವಾಹನಕ್ಕೆ ಎಷ್ಟು ಎಥನಾಲ್ ತಡೆಯುತ್ತೆ ಅಂತ ಸ್ಟಿಕ್ಕರ್ ಅಂಟಿಸೋ ನಿಯಮ 2021ರಿಂದ ಇದೆ. ಹಳೆ ವಾಹನದವರಿಗೆ ಬಂಕಿನ ನಾಜಲ್ ಮೇಲಾದರೂ ಎಷ್ಟು ಬೆರೆಸಿದೆ ಅಂತ ದೊಡ್ಡದಾಗಿ ಬರೆದಿರಲಿ. ತಾಲ್ಲೂಕಿಗೆ ಒಂದು ಬಂಕಿನಲ್ಲಿ ಇ10 ಇಡಿ ಅನ್ನೋದು ನೀತಿ ಆಯೋಗದ ಮಾತನ್ನೇ ಪಾಲಿಸಿ ಅಂತ ಕೇಳಿದ ಹಾಗೆ, ಹೊಸ ಬೇಡಿಕೆ ಏನಲ್ಲ. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲೀತಿರೋ ಹುಡುಗರಿಗೆ, ಗ್ಯಾರೇಜ್ ಇಟ್ಟಿರೋರಿಗೆ ಎರಡು ದಿನದ ಇ20 ತರಬೇತಿ ಕೊಡೋಕೆ ರಾಜ್ಯ ಸರ್ಕಾರ ದೆಹಲಿಯ ಅನುಮತಿಗೆ ಕಾಯಬೇಕಿಲ್ಲ, ಶೇ. 29.84ರಲ್ಲಿ ಅದಕ್ಕೆ ಜಾಗ ಇದೆ.

ನೀವು ಮಾಡಬಹುದಾದದ್ದು ಒಂದಿದೆ. ಸೀಲು ಬದಲಿಸಿದ ಮೇಲೆ ಹಳೇದನ್ನ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಹೊಸದರ ಪಕ್ಕ ಇಟ್ಟು ಒಂದು ಫೋಟೋ ತೆಗೀರಿ, ಕಾರಿನ ಮಾಡೆಲ್, ವರ್ಷ, ಎಷ್ಟು ಕಿಲೋಮೀಟರ್ ಓಡಿದೆ ಬರೆದಿಡಿ, ಬಿಲ್ಲು ಬರೆಸಿಕೊಳ್ಳಿ, ಚೀಟಿಯಲ್ಲಾದರೂ ಸರಿ. ಕಾರು ಕಂಪನಿಗೂ ಪೆಟ್ರೋಲಿಯಂ ಸಚಿವಾಲಯಕ್ಕೂ ದೂರು ಬರೆಯುವಾಗ ಅದನ್ನ ಜೊತೆಗೆ ಹಾಕಿ. ಹಳೇ ಸೀಲು ಬಿಸಿಲಲ್ಲಿ ಒಣಗಿದ್ರೆ ಮತ್ತೆ ಸುಕ್ಕಾಗುತ್ತೆ, ಆಗ ಊದಿತ್ತು ಅಂದ್ರೆ ಯಾರೂ ನಂಬಲ್ಲ. ಹಾಗಾಗಿ ಫೋಟೋ ಅವತ್ತೇ ತೆಗೀಬೇಕು.